ನಡೆಯುವಾಗ ಎದೆಬಡಿತ ನೋಡಲು ಯಾವುದು ಸರಿ? ವಾಚಾ, ಎದೆಪಟ್ಟಿಯಾ?

ನಾಪೋಕ್ಲು ತೋಟದವ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನಗೆ 56 ವರ್ಷ. ನಾಪೋಕ್ಲು ಹತ್ತಿರ ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ. ಏಳು ತಿಂಗಳ ಹಿಂದೆ ಎದೆನೋವು ಬಂದು ಒಂದು ಸ್ಟೆಂಟ್ ಹಾಕಿದರು. ಈಗ ಆರಾಮಾಗಿದ್ದೇನೆ. ಹೋದ ತಿಂಗಳು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ) ಮಾಡಿ ನೋಡಿದ ಡಾಕ್ಟರು, "ದಿನಾ 40 ನಿಮಿಷ ಬಿರುಸಾಗಿ ನಡೆಯಿರಿ, ಎದೆಬಡಿತ 112 ದಾಟದ ಹಾಗೆ ನೋಡಿಕೊಳ್ಳಿ" ಅಂದರು. ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಮಗಳು ಬೆಂಗಳೂರಿನಿಂದ ಒಂದು ಸ್ಮಾರ್ಟ್ ವಾಚ್ ಕಳಿಸಿದಳು. ಅದನ್ನು ಕಟ್ಟಿಕೊಂಡ ಮೇಲೆ ನೆಮ್ಮದಿ ಹೋಗಿದೆ. ಡಾಂಬರು ರಸ್ತೆಯಲ್ಲಿ ಸಮತಟ್ಟಾಗಿ ನಡೆಯುವಾಗ 126, 128 ತೋರಿಸುತ್ತದೆ. ಮೊದಲ ದಿನ ಹೆದರಿ ಮೋರಿ ಕಟ್ಟೆ ಮೇಲೆ ಕೂತುಬಿಟ್ಟೆ. ಎದೆ ನೋವಿಲ್ಲ, ಏದುಸಿರೂ ಇಲ್ಲ, ಅಂಕಿ ಮಾತ್ರ ಮೇಲೆ. ಎರಡು ನಿಮಿಷ ಕೂತರೆ 80ಕ್ಕೆ ಇಳಿಯುತ್ತದೆ. ವಾಪಸ್ ಬರುವಾಗ ನಮ್ಮ ಗೇಟಿನ ಹತ್ತಿರ ಒಂದು ಒಳ್ಳೆ ಏರು ಇದೆ. ಅಲ್ಲಿ ಮಾತ್ರ 104 ಆಸುಪಾಸು. ಹಾಗಾಗಿ ಏರನ್ನು ನಿಲ್ಲದೆ ಹತ್ತುತ್ತೇನೆ, ಸಮತಟ್ಟಿನಲ್ಲಿ ಹೆದರಿ ಹೆದರಿ ನಡೆಯುತ್ತೇನೆ.

ಈಗ ಕಕ್ಕಡ ತಿಂಗಳ ಜೋರು ಮಳೆ ಬೇರೆ. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಎದೆಗೆ ಕಟ್ಟುವ ಪಟ್ಟಿ ಸರಿಯಾಗಿ ತೋರಿಸುತ್ತದೆ ಅಂತ ಯಾರೋ ಹೇಳಿದರು. ತೆಗೆದುಕೊಳ್ಳಲೋ ಬೇಡವೋ? ನಂಬಬಹುದಾದ ಅಂಕಿ ಸಿಕ್ಕರೆ ನನಗೂ ಸಾಕು, ಮನೆಯವಳಿಗೂ ಸಾಕು.

ಮಡಿಕೇರಿ ಏರುದಾರಿ · ಭಾನುವಾರ ರಾತ್ರಿ

ಅಂಕಲ್, ನೀವು ಬರೆದದ್ದರಲ್ಲೇ ಒಂದು ಸುಳಿವು ಇದೆ. ಸಮತಟ್ಟಿನಲ್ಲಿ 128, ಏರಿನಲ್ಲಿ 104. ತಲೆಕೆಳಗಾಗಿದೆ, ಅಲ್ವಾ? ಏರಿನಲ್ಲಿ ಯಾರ ಎದೆಬಡಿತವೂ ಇಳಿಯುವುದಿಲ್ಲ.

ನಾಳೆ ಎರಡು ಕೆಲಸ ಮಾಡಿ. ವಾಚ್ 126 ತೋರಿಸುವಾಗ ನಿಮ್ಮ ಹೆಜ್ಜೆ ಎಣಿಸಿ, ಒಂದು ನಿಮಿಷಕ್ಕೆ ಎಷ್ಟು ಅಂತ. ಆಮೇಲೆ ಥಟ್ಟನೆ ನಿಂತು ಕೈಯಲ್ಲಿ ನಾಡಿ ಹಿಡಿದು ಎಣಿಸಿ. ಕೊಡೆ ಯಾವ ಕೈಯಲ್ಲಿ, ವಾಚ್ ಯಾವ ಕೈಯಲ್ಲಿ ಅನ್ನುವುದನ್ನೂ ಹೇಳಿ. ಅಲ್ಲಿಯವರೆಗೆ ದುಡ್ಡು ಕೊಟ್ಟು ಏನೂ ತರಿಸಬೇಡಿ.

ವಿರಾಜಪೇಟೆ ಸಿಸ್ಟರ್ · ಸೋಮವಾರ ಬೆಳಿಗ್ಗೆ

ಸರ್, ನಾಡಿ ಎಣಿಸುವುದು ಹೀಗೆ. ಅಂಗೈ ಮೇಲೆ ಮಾಡಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಹೊರಬದಿಯಲ್ಲಿ, ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಇಡಿ. ಹೆಬ್ಬೆರಳು ಇಡಬೇಡಿ, ಅದರದ್ದೇ ಬಡಿತ ಗೊತ್ತಾಗಿ ಲೆಕ್ಕ ತಪ್ಪುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಕುತ್ತಿಗೆಯ ನಾಡಿ ಒತ್ತಿ ನೋಡುವುದು ಬೇಡ. ಅಲ್ಲಿ ಒತ್ತಿದರೆ ಕೆಲವರಿಗೆ ಬಡಿತ ಇಳಿದು ತಲೆಸುತ್ತು ಬರುತ್ತದೆ.

ಏರು ಹತ್ತಿದ ಮೇಲೂ ಒಂದು ಸಲ ಎಣಿಸಿ. ನನಗೆ ಸಮತಟ್ಟಿಗಿಂತ ಆ ಏರಿನ ಬಗ್ಗೆಯೇ ಯೋಚನೆ.

ನಾಪೋಕ್ಲು ತೋಟದವ · ಸೋಮವಾರ ಸಂಜೆ

ಇಬ್ಬರೂ ಹೇಳಿದ ಹಾಗೆ ಮಾಡಿದೆ. ಸಮತಟ್ಟಿನಲ್ಲಿ ವಾಚ್ 127. ಹೆಜ್ಜೆ ಎಣಿಸಿದವಳು ಮನೆಯವಳು, ನಿಮಿಷಕ್ಕೆ 126. ನಿಂತು ನಾಡಿ ಎಣಿಸಿದರೆ 15 ಸೆಕೆಂಡಿಗೆ 24, ಅಂದರೆ 96. ಏರು ಹತ್ತಿ ಮೇಲೆ ನಿಂತು ಎಣಿಸಿದರೆ 28, ಅಂದರೆ 112. ಅದೇ ಹೊತ್ತಿಗೆ ವಾಚ್ 103.

ವಾಚ್ ಎಡಗೈಯಲ್ಲಿ, ಕೊಡೆಯೂ ಎಡಗೈಯಲ್ಲೇ. ಬಲಗೈಯಲ್ಲಿ ದೊಣ್ಣೆ ಇರುತ್ತದೆ.

ಮಡಿಕೇರಿ ಏರುದಾರಿ · ಸೋಮವಾರ ಸಂಜೆ

ಸಿಕ್ಕಿತು ಅಂಕಲ್. ನಿಮ್ಮ ವಾಚ್ ಎಣಿಸುತ್ತಿರುವುದು ಎದೆಯನ್ನಲ್ಲ, ಕಾಲನ್ನು.

ವಾಚಿನ ಹಿಂದೆ ಹಸಿರು ದೀಪ ಮಿನುಗುತ್ತದಲ್ಲ, ಅದರಿಂದಲೇ ಇದೆಲ್ಲ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಒಂದಿಷ್ಟು ಉಬ್ಬಿ ಇಳಿಯುತ್ತದೆ. ಹಾಗೇ ವಾಪಸ್ ಬರುವ ಬೆಳಕೂ ಹೆಚ್ಚು ಕಡಿಮೆ ಆಗುತ್ತದೆ. ಅದನ್ನು ನೋಡಿ ವಾಚ್ ಲೆಕ್ಕ ಹಾಕುತ್ತದೆ. ಆದರೆ ಪ್ರತಿ ಹೆಜ್ಜೆಗೂ ಕೈ ಅಲುಗುತ್ತದೆ, ವಾಚೂ ಅಲುಗುತ್ತದೆ. ಬಡಿತದ ಗುರುತು ಮಂಕಾದಾಗ ವಾಚ್ ಹೆಜ್ಜೆಯ ತಾಳವನ್ನೇ ಬಡಿತ ಅಂದುಕೊಳ್ಳುತ್ತದೆ. ಓಡುವವರು ಇದನ್ನು ಕೇಡೆನ್ಸ್ ಲಾಕ್ ಅನ್ನುತ್ತಾರೆ. ನನಗೂ ಆಗಿದೆ. ಡಿಸೆಂಬರಿನ ಬೆಳಿಗ್ಗೆ ರಾಜಾಸೀಟ್ ಕಡೆಯಿಂದ ನಿಧಾನವಾಗಿ ಓಡುತ್ತಾ ಬಂದರೆ 170 ತೋರಿಸುತ್ತಿತ್ತು. ನನ್ನ ಹೆಜ್ಜೆಯೂ ನಿಮಿಷಕ್ಕೆ ಅಷ್ಟೇ.

ಏರಿನಲ್ಲಿ ನಿಮ್ಮ ಹೆಜ್ಜೆ ನಿಧಾನ ಆಗುತ್ತದೆ, ಅದಕ್ಕೆ 104. ಅಷ್ಟೇ ಕಥೆ.

ನಮ್ಮ ಊರಿಗೆ ಮೂರು ಕಾರಣ ಸೇರಿಕೊಳ್ಳುತ್ತವೆ. ಒಂದು ಚಳಿ. ಮೈ ಬಿಸಿಯನ್ನು ಒಳಗೇ ಹಿಡಿದುಕೊಳ್ಳಲು ಕೈಯ ಚರ್ಮಕ್ಕೆ ರಕ್ತ ಕಡಿಮೆ ಹೋಗುತ್ತದೆ, ವಾಚಿಗೆ ಓದಲು ಏನೂ ಸಿಗುವುದಿಲ್ಲ. ಇನ್ನೊಂದು ಕೊಡೆ. ಗಾಳಿಗೆ ಕೊಡೆ ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುಗಳೆಲ್ಲ ಸೆಟೆದುಕೊಳ್ಳುತ್ತವೆ. ಮೂರನೆಯದು ಜರ್ಕಿನ್ ತೋಳು, ಅದು ವಾಚನ್ನು ತಳ್ಳುತ್ತಾ ಇರುತ್ತದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ, ಒಂದು ತೂತು ಬಿಗಿ ಮಾಡಿ, ಕೊಡೆ ಇನ್ನೊಂದು ಕೈಗೆ ಬದಲಾಯಿಸಿ. ಸ್ವಲ್ಪ ಸುಧಾರಿಸುತ್ತದೆ. ಪೂರ್ತಿ ಸರಿ ಹೋಗುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ.

ವಿರಾಜಪೇಟೆ ಸಿಸ್ಟರ್ · ಸೋಮವಾರ ರಾತ್ರಿ

ಸರ್, ಆ ಏರಿನ 112 ಇದೆಯಲ್ಲ, ಅದನ್ನು ಗಮನಿಸಿ. ನಿಂತ ಕೂಡಲೇ ಬಡಿತ ಇಳಿಯಲು ಶುರುವಾಗುತ್ತದೆ. ನಾಡಿ ಹುಡುಕಿ, 15 ಸೆಕೆಂಡ್ ಎಣಿಸುವಷ್ಟರಲ್ಲೇ ಐದಾರು ಕಡಿಮೆಯಾಗಿರಬಹುದು. ಅಂದರೆ ಹತ್ತುವಾಗ ನೀವು 112 ದಾಟಿರುವ ಸಾಧ್ಯತೆ ಇದೆ. ವಾಚ್ ಸಮತಟ್ಟಿನಲ್ಲಿ ಸುಮ್ನೆ ಹೆದರಿಸಿತು. ನಿಧಾನ ಮಾಡಬೇಕಾದ ಕಡೆ ಧೈರ್ಯ ಕೊಟ್ಟಿತು. ನಾಳೆಯಿಂದ ಏರಿನಲ್ಲಿ ಅರ್ಧಕ್ಕೆ ನಿಂತು ಹತ್ತಿ. ಡಾಕ್ಟರಿಗೆ ಫೋನ್ ಮಾಡಿ ಈ ವಿಷಯ ತಿಳಿಸಿ.

ನಿಮ್ಮಂಥವರಿಗೆ ಎದೆಪಟ್ಟಿ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಪೊನ್ನಂಪೇಟೆ ಪಿಟಿ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ನಾನು ನಿವೃತ್ತ ದೈಹಿಕ ಶಿಕ್ಷಕ. ಈಗಲೂ ಮಕ್ಕಳಿಗೆ ಹಾಕಿ ಹೇಳಿಕೊಡುತ್ತೇನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಕೌಟುಂಬಿಕ ಹಾಕಿ ಹಬ್ಬ ಶುರು ಮಾಡಿದ ಮೇಲೆ ನಮ್ಮಲ್ಲಿ ಬೇಸಿಗೆ ಬಂತು ಅಂದರೆ ಎಲ್ಲ ವಯಸ್ಸಿನವರೂ ಮೈದಾನಕ್ಕೆ ಇಳಿಯುತ್ತಾರೆ. ವರ್ಷವಿಡೀ ಓಡದೆ ಇದ್ದು ಹಬ್ಬದ ಹದಿನೈದು ದಿನ ಮೊದಲು ಸ್ಟಿಕ್ ಹಿಡಿಯುವ 45, 50ರ ದಾಯಾದಿಗಳನ್ನು ಕಂಡರೆ ನನಗೆ ನಿಜವಾಗಿ ಭಯ. ಅವರಿಗಾಗಿಯೇ ನಾನು ಈ ಪಟ್ಟಿಗಳ ಬಗ್ಗೆ ತಿಳಿದುಕೊಳ್ಳಲು ಶುರು ಮಾಡಿದ್ದು.

ಎದೆಪಟ್ಟಿ ಬೆಳಕಿನಿಂದ ಅಳೆಯುವುದಿಲ್ಲ. ಹೃದಯ ಪ್ರತಿ ಸಲ ಬಡಿಯುವಾಗ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ, ಇಸಿಜಿಯಲ್ಲಿ ಚೂಪಾಗಿ ಕಾಣುವುದು ಅದೇ. ಪಟ್ಟಿಯ ಒಳಬದಿಯಲ್ಲಿರುವ ಎರಡು ರಬ್ಬರಿನಂಥ ತುಂಡುಗಳು ಅದನ್ನು ಹಿಡಿಯುತ್ತವೆ. ಕೈ ಬೀಸಿದರೂ, ಚಳಿಯಾದರೂ, ಕೊಡೆ ಹಿಡಿದರೂ ಅದಕ್ಕೆ ತೊಂದರೆ ಇಲ್ಲ. ಹುಡುಗರು ಗೋಲಿನ ಮುಂದಿನ ಡಿ ಒಳಗೆ ನುಗ್ಗಿ ವಾಪಸ್ ಓಡುವಾಗ ಬಡಿತ ಕೆಲವೇ ಸೆಕೆಂಡಿನಲ್ಲಿ ಏರುತ್ತದೆ. ಪಟ್ಟಿ ಆಗಿಂದಾಗ್ಗೆ ತೋರಿಸುತ್ತದೆ. ವಾಚ್ ಸ್ವಲ್ಪ ಹಿಂದೆ ಇರುತ್ತದೆ, ಕೆಲವು ಸಲ ಹುಡುಗ ಬೆಂಚಿಗೆ ಬಂದು ಕೂತ ಮೇಲೆ ಏರಿಕೆ ತೋರಿಸುತ್ತದೆ.

ಈ ವಿದ್ಯೆ ಹೊಸದಲ್ಲ. ಫಿನ್ಲೆಂಡಿನ ಪೋಲಾರ್ ಕಂಪನಿ 1977ರಲ್ಲಿ ಹುಟ್ಟಿದ್ದು ಹಿಮದ ಮೇಲೆ ಸ್ಕೀ ಮಾಡುವವರ ಬಡಿತ ಅಳೆಯುವ ಯೋಚನೆಯಿಂದ. ತಂತಿ ಇಲ್ಲದ ಮೊದಲ ಮಾನಿಟರನ್ನು ಅವರು 1982ರಲ್ಲಿ ತಂದರು. ಚಳಿ ದೇಶದಲ್ಲಿ ಹುಟ್ಟಿದ ಸಾಧನ, ನಮ್ಮ ಮಳೆಗೂ ಒಗ್ಗುತ್ತದೆ.

ತೋಟದವರೇ, ಯಾವ ಕಂಪನಿ ಅನ್ನುವುದು ಆಮೇಲಿನ ಪ್ರಶ್ನೆ. ಪೋಲಾರ್ ಎಚ್10, ಎಚ್9, ಗಾರ್ಮಿನ್, ವಾಹೂ, ಕಡಿಮೆ ಬೆಲೆಯಲ್ಲಿ ಕೂಸ್ಪೋ, ಮಜೀನ್, ಯಾವುದೇ ಆದರೂ ಬಡಿತ ಎಣಿಸುವ ಕೆಲಸ ಮಾಡುತ್ತವೆ. ಎಚ್10ರ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುವ ಪಟ್ಟಿಯನ್ನು ನಾನು ಮಕ್ಕಳಿಗೆ ಎರಡು ವರ್ಷದಿಂದ ಬಳಸುತ್ತಿದ್ದೇನೆ. ಎಚ್10ಕ್ಕೆ ಕೊಡುವ ಹೆಚ್ಚು ದುಡ್ಡಿಗೆ ಮೆತ್ತಗಿನ ಪಟ್ಟಿ ಸಿಗುತ್ತದೆ. ಒಂದು ವ್ಯಾಯಾಮದ ಲೆಕ್ಕವನ್ನು ಫೋನ್ ಇಲ್ಲದೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಒಟ್ಟಿಗೆ ಎರಡು ಬ್ಲೂಟೂತ್ ಸಾಧನಕ್ಕೆ ಕೊಡುತ್ತದೆ. ನಿಮಗೆ ಅದು ಬೇಕೇ ಬೇಕು ಅಂತೇನಿಲ್ಲ.

ನೋಡಿ ತೆಗೆದುಕೊಳ್ಳಬೇಕಾದದ್ದು ಬೇರೆ. ಬ್ಲೂಟೂತ್ ಇರಲೇಬೇಕು. ಆಂಟ್ ಪ್ಲಸ್ (ಬ್ಲೂಟೂತಿನಂಥ ಇನ್ನೊಂದು ತಂತಿ ಇಲ್ಲದ ಸಂಪರ್ಕ) ಕೂಡ ಇದ್ದರೆ ಹಳೆಯ ಸೈಕಲ್ ಮೀಟರಿಗೂ ಆಗುತ್ತದೆ. ಪಟ್ಟಿ ಮತ್ತು ಅದರ ಮೇಲೆ ಕೂರುವ, ಸೆಲ್ ಇರುವ ಸಣ್ಣ ಪೆಟ್ಟಿಗೆ ಬೇರೆ ಬೇರೆ ಆಗಬೇಕು, ಏಕೆಂದರೆ ಪೆಟ್ಟಿಗೆ ವರ್ಷಗಟ್ಟಲೆ ಬರುತ್ತದೆ, ಪಟ್ಟಿ ಬರುವುದಿಲ್ಲ. ಬರೀ ಪಟ್ಟಿ ಬೇರೆಯಾಗಿ ಸಿಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಬ್ಯಾಟರಿ ಗುಂಡಿ ಸೆಲ್ ಆಗಿರಲಿ. ಸಿಆರ್ 2032 ನಮ್ಮ ಗೋಣಿಕೊಪ್ಪದ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪೋಲಾರಿಗೆ ಬೇಕಾದದ್ದು 2025. ಎರಡರ ಅಗಲ ಒಂದೇ, 20 ಮಿಲಿಮೀಟರ್. ದಪ್ಪ ಬೇರೆ: ಒಂದು 3.2, ಇನ್ನೊಂದು 2.5. ಹೆಸರಿನ ಕೊನೆಯ ಎರಡು ಅಂಕಿ ಅದನ್ನೇ ಹೇಳುತ್ತದೆ. ದಪ್ಪದ್ದನ್ನು ಒತ್ತಿ ತುರುಕಿದರೆ ಮುಚ್ಚಳ ಒಡೆಯುತ್ತದೆ.

ಕಟ್ಟುವ ಮೊದಲು ಒಳಬದಿಯ ಆ ಎರಡು ತುಂಡುಗಳನ್ನು ನೀರಿನಲ್ಲಿ ಒದ್ದೆ ಮಾಡಲೇಬೇಕು. ಒಣಗಿದ್ದರೆ ಬೆವರು ಬರುವವರೆಗೆ ಮೊದಲ ಹತ್ತು ನಿಮಿಷ ಅಂಕಿ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಪಟ್ಟಿ ಎದೆಯ ಉಬ್ಬಿನ ಕೆಳಗೆ ಸರಿಯಾಗಿ ಕೂರಬೇಕು. ದೊಡ್ಡ ಉಸಿರು ಎಳೆದಾಗ ಜಾರಬಾರದು, ಉಸಿರು ಕಟ್ಟಲೂಬಾರದು.

ಸುಂಟಿಕೊಪ್ಪ ಸೈಕಲ್ · ಮಂಗಳವಾರ ಮಧ್ಯಾಹ್ನ

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಹೆಂಗಸರ ಕಡೆಯಿಂದ ಒಂದು ಮಾತು. ಸ್ಪೋರ್ಟ್ಸ್ ಬ್ರಾ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಕಟ್ಟಿ ಎರಡು ಗಂಟೆ ಸೈಕಲ್ ತುಳಿದರೆ ಚರ್ಮ ಉಜ್ಜಿ ಕೆಂಪಾಗುತ್ತದೆ. ನಾನು ಆರು ತಿಂಗಳು ಸಹಿಸಿದೆ, ಆಮೇಲೆ ತೋಳಪಟ್ಟಿಗೆ ಬದಲಾದೆ. ಪೋಲಾರ್ ವೆರಿಟಿ ಸೆನ್ಸ್ ಥರದ್ದು. ಅದರಲ್ಲೂ ಇರುವುದು ಬೆಳಕೇ, ಆದರೆ ಮೇಲ್ದೋಳಿನಲ್ಲಿ ಮಾಂಸ ಜಾಸ್ತಿ, ಮೂಳೆಯ ಉಬ್ಬು ಕಡಿಮೆ, ಅಲುಗಾಟವೂ ಕಡಿಮೆ. ಹ್ಯಾಂಡಲ್ ಬಿಗಿಯಾಗಿ ಹಿಡಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಮಾದಾಪುರದ ಕಡೆಯ ಏರುಗಳಲ್ಲಿ ನನ್ನ ಹಳೆಯ ಎದೆಪಟ್ಟಿ ಜೊತೆ ಹೋಲಿಸಿ ನೋಡಿದ್ದೇನೆ, ಎರಡು ಮೂರು ಬಡಿತದ ವ್ಯತ್ಯಾಸ ಅಷ್ಟೇ.

ತೊಂದರೆ ಅಂದರೆ ಚಾರ್ಜ್ ಮಾಡಬೇಕು. ಅಣ್ಣ, ನಿಮ್ಮಲ್ಲಿ ಮೂರು ದಿನ ಕರೆಂಟು ಇರುವುದಿಲ್ಲ ಅಂದಿರಿ. ಹಾಗಾದರೆ ಗುಂಡಿ ಸೆಲ್ಲಿನ ಎದೆಪಟ್ಟಿಯೇ ವಾಸಿ.

ಸಿದ್ದಾಪುರದವಳು · ಮಂಗಳವಾರ ಸಂಜೆ

ನಮ್ಮ ಕಡೆ ಬೆಳಿಗ್ಗೆ ಬೇಗ ರಸ್ತೆಗೆ ಇಳಿಯುವ ಹಾಗೇ ಇಲ್ಲ, ಆನೆ. ಹೋದ ವರ್ಷ ಗೇಟಿನ ಎದುರಿಗೇ ನಿಂತಿತ್ತು. ಅದಕ್ಕೆ ಮನೆಯಲ್ಲೇ ಟ್ರೆಡ್‌ಮಿಲ್ ಇಟ್ಟಿದ್ದೇವೆ. ಅದರ ಹಿಡಿಯಲ್ಲಿ ಲೋಹದ ಪಟ್ಟಿ ಇದೆ, ಹಿಡಿದರೆ ಹಾರ್ಟ್ ರೇಟ್ ತೋರಿಸುತ್ತದೆ. ಅದು ಸಾಕಾಗುವುದಿಲ್ಲವಾ?

ಪೊನ್ನಂಪೇಟೆ ಪಿಟಿ ಮೇಷ್ಟ್ರು · ಮಂಗಳವಾರ ಸಂಜೆ

ಸಾಕಾಗುವುದಿಲ್ಲಮ್ಮ. ನಡೆಯುತ್ತಾ ಹಿಡಿದರೆ ಕೈಯ ಸ್ನಾಯುಗಳ ವಿದ್ಯುತ್ತೂ ಸೇರಿಕೊಂಡು ಅಂಕಿ ಹಾರಾಡುತ್ತದೆ. ಹಿಡಿ ಹಿಡಿದು ಮೈಭಾರ ಬಿಟ್ಟರೆ ಕಾಲಿಗೆ ಕೆಲಸವೂ ಕಡಿಮೆ, ವ್ಯಾಯಾಮ ಅರ್ಧ ಆದ ಹಾಗೆ. ಎದೆಪಟ್ಟಿ ಕಟ್ಟಿ ಫೋನನ್ನು ಎದುರಿಗೆ ಇಟ್ಟುಕೊಳ್ಳಿ. ಬ್ಲೂಟೂತಿಗೆ ನೆಟ್‌ವರ್ಕ್ ಬೇಡ.

ಕುಶಾಲನಗರ ಈಜು · ಮಂಗಳವಾರ ರಾತ್ರಿ

ಈಜುವಾಗ?

ಸುಂಟಿಕೊಪ್ಪ ಸೈಕಲ್ · ಮಂಗಳವಾರ ರಾತ್ರಿ

ನೀರಿನೊಳಗೆ ಬ್ಲೂಟೂತ್ ದಾಟುವುದಿಲ್ಲ. ಲೆಕ್ಕವನ್ನು ತನ್ನಲ್ಲೇ ಉಳಿಸಿಕೊಳ್ಳುವಂಥದ್ದು ತೆಗೆದುಕೊಳ್ಳಿ. ಗೋಡೆಯಿಂದ ಜಿಗಿದು ಹೊರಟಾಗ ಎದೆಪಟ್ಟಿ ಹೊಟ್ಟೆಗೆ ಜಾರುತ್ತದೆ, ತೋಳಪಟ್ಟಿ ಒಳ್ಳೆಯದು.

ಮಡಿಕೇರಿ ಏರುದಾರಿ · ಮಂಗಳವಾರ ರಾತ್ರಿ

ಒಂದು ಪ್ರಶ್ನೆ ಎಲ್ಲರಿಗೂ. ಆ್ಯಪಿನಲ್ಲಿ ವಯಸ್ಸು ಹಾಕಿದರೆ ಅದೇ ಹಗುರ, ಜೋರು ಅನ್ನುವ ವಲಯಗಳನ್ನು ಮಾಡಿಕೊಡುತ್ತದೆ, 220ರಿಂದ ವಯಸ್ಸು ಕಳೆದು ಬರುವ ಅತಿ ಹೆಚ್ಚಿನ ಬಡಿತದ ಲೆಕ್ಕದಲ್ಲಿ. ನನ್ನದು 191 ಅನ್ನುತ್ತದೆ, ಆದರೆ ತಡಿಯಂಡಮೋಳ್ ಬೆಟ್ಟ ಏರುವಾಗ ಎದೆಪಟ್ಟಿಯಲ್ಲಿ 198 ನೋಡಿದ್ದೇನೆ. ಯಾವುದನ್ನು ನಂಬಬೇಕು?

ಪೊನ್ನಂಪೇಟೆ ಪಿಟಿ ಮೇಷ್ಟ್ರು · ಬುಧವಾರ ಬೆಳಿಗ್ಗೆ

ಪಟ್ಟಿ ಸರಿಯಾಗಿ ಒದ್ದೆಯಾಗಿ ಕೂತಿದ್ದರೆ 198ನ್ನೇ ನಂಬು. ಆ ಸೂತ್ರ 1970ರ ದಶಕದ್ದು, ಸರಾಸರಿಯ ಅಂದಾಜು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. 2001ರಲ್ಲಿ ಬಂದ ಇನ್ನೊಂದು ಸೂತ್ರ ಇದೆ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. ನಡುವಯಸ್ಸಿನಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತವೆ. 60 ವರ್ಷದವರಿಗೆ ಹಳೆಯದು 160 ಅಂದರೆ ಹೊಸದು 166 ಅನ್ನುತ್ತದೆ. ಅದೂ ಅಂದಾಜೇ. ನಾನು ಮಕ್ಕಳಿಗೆ ಹೇಳುವುದು ಮಾತಿನ ಪರೀಕ್ಷೆ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆದರೆ ಹಗುರ, ಮೂರು ನಾಲ್ಕು ಪದಕ್ಕೆ ಉಸಿರು ಬೇಕಾದರೆ ಜೋರು.

ವಿರಾಜಪೇಟೆ ಸಿಸ್ಟರ್ · ಬುಧವಾರ ಬೆಳಿಗ್ಗೆ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ, ತೋಟದ ಸರ್ ಥರದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಎರಡೂ ಸೂತ್ರ ಅನ್ವಯ ಆಗುವುದಿಲ್ಲ. ಆ ಮಾತ್ರೆಯ ಕೆಲಸವೇ ಬಡಿತವನ್ನು ತಗ್ಗಿಸುವುದು. ಹಳೆಯ ಸೂತ್ರದ ಪ್ರಕಾರ ಸರ್‌ಗೆ 164 ಬರುತ್ತದೆ. ಆ್ಯಪ್ ಅದನ್ನು ನೋಡಿ "ಇನ್ನೂ ಜೋರಾಗಿ ನಡೆಯಿರಿ" ಅಂತ ಹುರಿದುಂಬಿಸುತ್ತದೆ. ಕೇಳಬೇಡಿ. ಡಾಕ್ಟರು ಕೊಟ್ಟ 112 ನಿಮ್ಮ ಟಿಎಂಟಿಯಿಂದ ಬಂದದ್ದು, ನಿಮ್ಮ ಮಾತ್ರೆಯ ಜೊತೆಗೇ ನೋಡಿದ್ದು. ಆ್ಯಪಿನ ಸೆಟ್ಟಿಂಗಿಗೆ ಹೋಗಿ ವಲಯಗಳನ್ನು ಅಳಿಸಿ, 110 ದಾಟಿದರೆ ಸದ್ದು ಮಾಡುವ ಹಾಗೆ ಇಟ್ಟುಕೊಳ್ಳಿ. ಮಾತ್ರೆಯ ಪ್ರಮಾಣ ಬದಲಾದರೆ ಆ ಅಂಕಿಯನ್ನೂ ಕೇಳಿ ಬದಲಾಯಿಸಿ.

ಪಟ್ಟಿ ಬಡಿತ ಎಣಿಸುತ್ತದೆ, ಅಷ್ಟೇ. ರಕ್ತನಾಳ ಕಟ್ಟಿದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಅಂಕಿ 90 ಇದ್ದರೂ ಎದೆ ಬಿಗಿ ಹಿಡಿದರೆ, ದವಡೆ ಅಥವಾ ಎಡಗೈಗೆ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಇಲ್ಲದ ಕಡೆ ಒಬ್ಬರೇ ನಡೆಯಬೇಡಿ. ಮೇಡಂ ಜೊತೆಗೆ ಬರುತ್ತಾರಲ್ಲ, ಅದು ತುಂಬ ಒಳ್ಳೆಯದು. ಪೇಸ್‌ಮೇಕರ್ ಇರುವವರು ಎದೆಪಟ್ಟಿ ಕೊಳ್ಳುವ ಮೊದಲೇ ಡಾಕ್ಟರನ್ನು ಕೇಳಿ.

ನಾಪೋಕ್ಲು ತೋಟದವ · ಹನ್ನೆರಡು ದಿನದ ನಂತರ

ಮೇಷ್ಟ್ರು ಹೇಳಿದ ಕಡಿಮೆ ಬೆಲೆಯ ಎದೆಪಟ್ಟಿ ತರಿಸಿದೆ, 2032 ಸೆಲ್ಲಿನದ್ದು. ಕೊರಿಯರಿನವರು ತೋಟಕ್ಕೆ ಬರುವುದಿಲ್ಲ, ಪೇಟೆಗೆ ಹೋಗಿ ತಂದೆ.

ಮೊದಲ ದಿನ ವಾಚು, ಪಟ್ಟಿ ಎರಡೂ ಕಟ್ಟಿಕೊಂಡು ನಡೆದೆ. ಮನೆಯವಳು ಫೋನ್ ಹಿಡಿದು ಪಕ್ಕದಲ್ಲೇ ಬಂದಳು, ಒಂದು ಹಳೆ ಡೈರಿಯಲ್ಲಿ ಬರೆದುಕೊಂಡಳು. ಸಮತಟ್ಟಿನಲ್ಲಿ ಪಟ್ಟಿ 99, ವಾಚ್ 127. ಏರಿನ ನಡುವೆ, ಹಲಸಿನ ಮರದ ಹತ್ತಿರ, ಪಟ್ಟಿ 111, ವಾಚ್ 105. ಏರಿನ ತುದಿಯಲ್ಲಿ ಪಟ್ಟಿ 118, ವಾಚ್ 103. ಅವಳು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ಸಿಸ್ಟರ್, ನೀವು ಹೇಳಿದ್ದೇ ನಿಜ. ಇಷ್ಟು ದಿನ ಆ ಏರನ್ನು ನಿಲ್ಲದೆ ಹತ್ತುತ್ತಿದ್ದೆನಲ್ಲ ಅಂತ ನೆನೆದು ಮೈ ಜುಂ ಅಂದಿತು. ಡಾಕ್ಟರಿಗೆ ಫೋನ್ ಮಾಡಿ ಅಂಕಿಗಳನ್ನು ಓದಿ ಹೇಳಿದೆ. ಸಮತಟ್ಟಿನಲ್ಲಿ ಈಗಿನ ಬಿರುಸು ಸರಿ, ಏರಿನಲ್ಲಿ ನಿಂತು ನಿಂತು ಹತ್ತಿ, ಮುಂದಿನ ಸಲ ಡೈರಿ ತನ್ನಿ ಅಂದರು.

ಒಂದು ತೊಂದರೆ. ಹೊಸ ಸೆಲ್ ಒಂದೇ ವಾರದಲ್ಲಿ ಕಾಲು ಭಾಗ ಇಳಿದಿದೆ. ಪಟ್ಟಿಗೆ ಮುಗ್ಗಲು ವಾಸನೆ ಬೇರೆ. ಮಳೆಯಲ್ಲಿ ಒಣಗುವುದಿಲ್ಲ ಅಂತ ಜರ್ಕಿನ್ ಜೊತೆ ಒಲೆ ಮೇಲಿನ ತಂತಿಗೆ ಹಾಕಿದ್ದೇವೆ.

ಪೊನ್ನಂಪೇಟೆ ಪಿಟಿ ಮೇಷ್ಟ್ರು · ಅದೇ ದಿನ

ಒಲೆ ಮೇಲಿಂದ ಈಗಲೇ ತೆಗೆಯಿರಿ! ಬಿಸಿಗೆ ಎಲಾಸ್ಟಿಕ್ ಸಡಿಲ ಆಗುತ್ತದೆ, ರಬ್ಬರ್ ಬಿರಿಯುತ್ತದೆ. ನಡೆದು ಬಂದ ಕೂಡಲೇ ಪೆಟ್ಟಿಗೆಯನ್ನು ಎರಡೂ ಗುಂಡಿಯಿಂದ ಬಿಚ್ಚಿ ಬೇರೆ ಇಡಿ. ಒದ್ದೆ ಪಟ್ಟಿಯ ಮೇಲೆ ಹಾಗೇ ಬಿಟ್ಟರೆ ಅದು ಇನ್ನೂ ಮೈಮೇಲಿದ್ದೇನೆ ಅಂದುಕೊಂಡು ರಾತ್ರಿಯಿಡೀ ಎಚ್ಚರ ಇರುತ್ತದೆ. ಸೆಲ್ ಖಾಲಿಯಾಗುವುದು ಅದಕ್ಕೇ. ಪಟ್ಟಿಯನ್ನು ಬರೀ ನೀರಿನಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ, ಹಿಂಡದೆ ಒಳಗೆ ಗಾಳಿ ಆಡುವ ಕಡೆ ಹರಡಿ. ವಾರಕ್ಕೊಮ್ಮೆ ಸ್ವಲ್ಪ ಸೋಪಿನ ನೀರು ಸಾಕು. ಮಳೆಗಾಲಕ್ಕೆ ಇನ್ನೊಂದು ಪಟ್ಟಿ ತರಿಸಿಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕಟ್ಟಬಹುದು.

ಸಿದ್ದಾಪುರದವಳು · ಅದೇ ದಿನ

ನಾನೂ ತರಿಸಿದೆ ಮೇಷ್ಟ್ರೇ. ಟ್ರೆಡ್‌ಮಿಲ್ ಹಿಡಿ ಬಿಟ್ಟು ನಡೆಯಲು ಎರಡು ದಿನ ಬೇಕಾಯಿತು. ವಾಚನ್ನು ಏನು ಮಾಡುವುದು?

ಮಡಿಕೇರಿ ಏರುದಾರಿ · ಅದೇ ದಿನ

ಕಟ್ಟಿಕೊಂಡೇ ಇರಿ ಅಕ್ಕ. ರಾತ್ರಿ ಮಲಗಿದಾಗ, ಸುಮ್ನೆ ಕೂತಾಗ ಕೈ ಅಲುಗುವುದಿಲ್ಲ, ಆಗ ವಾಚಿನ ಅಂಕಿ ಚೆನ್ನಾಗಿಯೇ ಬರುತ್ತದೆ. ಬೆಳಿಗ್ಗೆ ಏಳುವ ಮೊದಲಿನ ಬಡಿತ ದಿನಕ್ಕಿಂತ ಏಳೆಂಟು ಜಾಸ್ತಿ ಇದ್ದರೆ ನಾನು ಅವತ್ತು ಓಡುವುದಿಲ್ಲ.

ನಾಪೋಕ್ಲು ತೋಟದವ · ಮರುದಿನ ಸಂಜೆ

ಪೆಟ್ಟಿಗೆ ಬಿಚ್ಚಿಟ್ಟೆ. ಪಟ್ಟಿ ಈಗ ದೇವರ ಕೋಣೆಯ ಹೊರಗಿನ ಗಳುವಿನಲ್ಲಿ ಒಣಗುತ್ತಿದೆ.

ಇವತ್ತು ಮಳೆ ಸ್ವಲ್ಪ ಬಿಟ್ಟಿತ್ತು. ಸಮತಟ್ಟಿನಲ್ಲಿ ಪೂರ್ತಿ ಬಿರುಸಾಗಿ ನಡೆದೆ, ಎಲ್ಲೂ ಕೂರಲಿಲ್ಲ. ಏರಿನಲ್ಲಿ ಹಲಸಿನ ಮರದ ಹತ್ತಿರ ಒಂದು ಸಲ, ಮೇಲಿನ ತಿರುವಿನಲ್ಲಿ ಒಂದು ಸಲ ನಿಂತೆ. ಡೈರಿಯಲ್ಲಿ ಇವತ್ತಿನ ಅತಿ ಜಾಸ್ತಿ 109.